ಅಣ್ಣನ ಗಂಟಲಲ್ಲಿ ಒಂದು ಫೋನು

"ಹುಷಾರು ಕಣೇ ಲೌಡಿ! ನಿನ್ ಕೂಸು ಕೈಜಾರಿ ಬಿದ್ರೂ ಪರ್ವಾಗಿಲ್ಲ, ಇದು ಬೀಳ್ಬಾರ್ದು!"

ಹೀಗೆಂದವನು ಕೆ.ಆರ್. ಪುರದ ಒಂದು ನರ್ಸಿಂಗ್ ಹೋಮಿನ ಮಾಲೀಕ ರಾಮಾಂಜಿನಪ್ಪ, ಎಲ್ಲರ ಬಾಯಲ್ಲಿ 'ಅಣ್ಣ'. ಅನ್ನಿಸಿಕೊಂಡವಳು ಆಯಾ ವೆಂಕಟಮ್ಮ. 'ಇದು' ಎಂದರೆ ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರ್. ಇಡೀ ಆಸ್ಪತ್ರೆಗೆ ಇದ್ದದ್ದು ಅದೊಂದೇ. ಅದನ್ನು ಆಂಬುಲೆನ್ಸಿಗೆ ಹೇರುತ್ತಿದ್ದದ್ದು ಕೂಸಿಗಾಗಿ ಅಲ್ಲ, ಭಾಷಣಕ್ಕಾಗಿ. ಇದು ನಡೆದದ್ದೇ ಸ್ವಾಮಿ. ಕಟ್ಟುಕಥೆಯಾಗಿದ್ದರೆ ಕಟ್ಟಿದವನಿಗಾದರೂ ಸ್ವಲ್ಪ ನಾಚಿಕೆ ಇರುತ್ತಿತ್ತು.

ಗರ್ಭ ತೆಗೆಸಲು ಹೋದಾಗ ಕೂಸು ಜೀವಂತ ಹುಟ್ಟಿಬಿಟ್ಟರೆ ಅದಕ್ಕೂ ಎಲ್ಲ ಕೂಸುಗಳಂತೆಯೇ ಚಿಕಿತ್ಸೆ ಕೊಡಬೇಕು, ಕೊಡದವರಿಗೆ ಜೈಲು ಎಂಬ ಮಸೂದೆ ಬರಲಿದೆಯೆಂದು ಸುದ್ದಿಯಾಗಿತ್ತು. ಮಸೂದೆ ಇನ್ನೂ ಕಾಗದದಲ್ಲಿತ್ತು. ಕಾರ್ಪೊರೇಷನ್ ಟಿಕೆಟ್ಟಿನ ಮೇಲೆ ಕಣ್ಣಿಟ್ಟಿದ್ದ ರಾಮಾಂಜಿನಪ್ಪ ಆಗಲೇ ಫ್ಲೆಕ್ಸಿನಲ್ಲಿದ್ದ. ಗರುಡಾಚಾರ್‌ಪಾಳ್ಯದ ಮೈದಾನದಲ್ಲಿ ಬೆಂಬಲ ಸಭೆ. ವೇದಿಕೆಯಲ್ಲಿ ಪರದೆ, ಪರದೆಯ ಹಿಂದೆ ವಾರ್ಮರ್, ವಾರ್ಮರಿನಲ್ಲಿ ಶಿವಾಜಿನಗರದಿಂದ ತಂದ ನೀಲಿ ಕಣ್ಣಿನ ಗೊಂಬೆ. ಪೂಜೆಯೂ ಆಗಿದ್ದರಿಂದ ಗೊಂಬೆಯ ಹಣೆಗೆ ಕುಂಕುಮವಿತ್ತು.

"ಅಣ್ಣಾ, ಇವತ್ತು ಯಾರಾದ್ರೂ ಹೆರಿಗೇಗ್ ಬಂದ್ರೆ?" ಎಂದಳು ನರ್ಸ್ ಮಾರಿಯಾ.

"ನಾಳೆ ಹೆರಕ್ಕೇಳು."

ಮೈತುಂಬ ಚೆಂಡುಹೂ ಹೇರಿಕೊಂಡು ಆಂಬುಲೆನ್ಸು ಹೊರಟಿತು. ಅಣ್ಣ ಪೇಟ ಸುತ್ತಿಸಿಕೊಳ್ಳಲು ಮನೆಗೆ ಹೋದ.

ಆಸ್ಪತ್ರೆಯ ಕಕ್ಕಸು ತೊಳೆದೂ ತೊಳೆದೂ, ಫಿನಾಯಿಲ್ ಗಾಳಿ ಕುಡಿದೂ ಕುಡಿದೂ ವೆಂಕಟಮ್ಮನ ಗಂಟಲು ಗಂಡಸಿನದಾಗಿತ್ತು. ಊಟದ ಹೊತ್ತಿಗೆ "ಅಣ್ಣನ್ ಮಾಡಕ್ಕಾ" ಎಂದರೆ ಸಾಕು, ಅವನದೇ ದನಿಯಲ್ಲಿ ಕೆಮ್ಮಿ, ಕ್ಯಾಕರಿಸಿ, ಆಸ್ಪತ್ರೆಯವರನ್ನೆಲ್ಲ ಸಾಲಾಗಿ ಬೈದು ಕೆಲಸದಿಂದ ತೆಗೆಯುತ್ತಿದ್ದಳು. ಅಣ್ಣನ ಫೋನಿಗೊಂದು ಪದ್ಧತಿಯಿತ್ತು: ಮೊದಲು ಕೆಮ್ಮು, ಆಮೇಲೆ ಬೈಗುಳ, ಆಮೇಲೆ ಹುಕುಂ, ಟಕ್ಕೆಂದು ಕಟ್. ತಿರುಗಿ ಫೋನು ಮಾಡಿ "ಏನಂದ್ರಿ?" ಎಂದವನ ಕೆಲಸ ಅಂದಿಗೆ ಮುಗಿಯಿತು. ಹಾಗಾಗಿ ಯಾರೂ ಮಾಡುತ್ತಿರಲಿಲ್ಲ.

ಮಧ್ಯಾಹ್ನ ತೇಜಶ್ರೀ ಬಂದಳು. ಸರ್ವಜ್ಞನಗರದ ಫ್ಲಾಟೊಂದರಲ್ಲಿ ಮನೆಗೆಲಸ. ಹೊಟ್ಟೆ ಕಂಡರೆ ಕೆಲಸಕ್ಕೆ ಬರಬೇಡವೆಂದು ಮೇಡಮ್ಮು ಹೇಳಿದ್ದಕ್ಕೆ, ಗರ್ಭ ಇಳಿಯಲೆಂದು ಅಂಗಡಿಯ ಮಾತ್ರೆ ನುಂಗಿದ್ದಳು. ತಿಂಗಳ ಲೆಕ್ಕ ತಪ್ಪಿತ್ತು. ಕೂಸು ಹುಟ್ಟಿಯೇಬಿಟ್ಟಿತು, ಉಸಿರಾಡುತ್ತ. ಅಳುವಲ್ಲ ಅದು, ಕುಕ್ಕರು ಕೂಗುವುದಕ್ಕೆ ಮುಂಚಿನ ಸಣ್ಣ ಸದ್ದು.

"ನುಂಗೋವಾಗ ನನ್ ಕೇಳ್ದೇನಮ್ಮ? ಈಗ ನಮ್ ತಲೆಗ್ ತಂದಿದೀಯ," ಎಂದು ಡ್ಯೂಟಿ ಡಾಕ್ಟರು ಮಧುಕರ್ ಆಕ್ಸಿಜನ್ ಹಿಡಿದರು. "ಮೈ ತಣ್ಣಗಾಗ್ತಿದೆ. ವಾರ್ಮರ್ ಬೇಕು." ಅಣ್ಣನಿಗೆ ಫೋನು ಹಚ್ಚಿದರು.

"ದೊಡ್ಡಾಸ್ಪತ್ರೆಗ್ ಕಳ್ಸ್ರೀ!"

"ಆಂಬುಲೆನ್ಸು ಮೈದಾನದಲ್ಲಿದೆ ಸಾರ್."

"ಆಟೋದಾಗ್ ಕಳ್ಸ್ರೀ! ಕೂಸಿನ್ ಪ್ರಾಣದ್ ಬಗ್ಗೆ ಮಾತಾಡಕ್ ಹೊಂಟಿದೀನಿ, ಅಡ್ಡ ಬರ್ಬೇಡ್ರೀ!" ಕಟ್.

ತೇಜಶ್ರೀಗೆ ರಕ್ತ ನಿಂತಿರಲಿಲ್ಲ; ಮಲಗಿದಲ್ಲಿಂದಲೇ ಕೇಳಿದಳು. "ಅಕ್ಕಾ, ಉಸ್ರಾಡ್ತೈತಾ?"

"ಆಡ್ತೈತೆ ಕಣವ್ವ," ಎಂದಳು ವೆಂಕಟಮ್ಮ.

"ಬದುಕ್ಸಕ್ಕಾ."

ವೆಂಕಟಮ್ಮ ಕೂಸನ್ನು ಎದೆಗೊತ್ತಿ ಸೆರಗು ಸುತ್ತಿದಳು. ಮಾರಿಯಾ ಆಕ್ಸಿಜನ್ ಸಿಲಿಂಡರು ತಳ್ಳಿಕೊಂಡು ಜೊತೆಗೆ ನಡೆದಳು. ಇಬ್ಬರೂ ಹೊಕ್ಕದ್ದು ಅಣ್ಣನ ಚೇಂಬರಿಗೆ. ಮೇಜಿನ ಮೇಲಿನ ಲ್ಯಾಂಡ್‌ಲೈನಿನಿಂದ ಆಂಬುಲೆನ್ಸಿನ ಅಕ್ತರನಿಗೆ ಫೋನು ಹೋಯಿತು. ಡಾಕ್ಟರು ಬಾಗಿಲಲ್ಲಿ ನಿಂತು, "ನಾನೇನೂ ನೋಡಿಲ್ಲ," ಎಂದು ಗೋಡೆ ನೋಡತೊಡಗಿದರು.

ವೆಂಕಟಮ್ಮ ಅಣ್ಣನಂತೆ ಕೆಮ್ಮಿದಳು. "ಅಕ್ತರ್, ವಾರ್ಮರ್ ವಾಪಸ್ ತಗೊಂಬಾಪ್ಪ."

ಆ ಕಡೆಯಿಂದ ಅಕ್ತರ್: "ಯಾರ್ ಮಾತಾಡೋದು?"

ಎಡವಟ್ಟಾದದ್ದು 'ಅಪ್ಪ' ಎಂದದ್ದರಲ್ಲಿ; ಬೈಯದೆ ಅಣ್ಣ ಯಾರಿಗೂ ಹುಕುಂ ಕೊಟ್ಟವನಲ್ಲ. ವೆಂಕಟಮ್ಮ ಅಂಗೈಯಿಂದ ಕೂಸಿನ ಕಿವಿ ಮುಚ್ಚಿದಳು.

"ನಿಮ್ಮಪ್ಪ ಕಣ್ಲಾ ಮಾತಾಡೋದು, ಬೋಳಿಮಗ್ನೆ! ಚೇಂಬರಾಗ್ ಕುಂತಿವ್ನಿ. ಮಿನಿಸ್ಟ್ರು ಇಲ್ಲಿಗೇ ಬರ್ತಾವ್ರೆ. ವಾರ್ಮರ್ ಎತ್ತಾಕ್ಕೊಂಡ್ ಸೈರನ್ ಹೊಡ್ಕೊಂಡ್ ಬರ್ಲಿಲ್ಲ, ನಿನ್ ಚರ್ಮ ಸುಲೀತೀನಿ!"

"ಅಯ್ಯೋ ಅಣ್ಣಾ, ನೀವಾ! ಅಬ್ಬಿ, ಈಗ್ಲೇ ಬಂದೆ ಅಣ್ಣಾ!"

ಟಕ್ಕೆಂದು ಕಟ್. ಮಾರಿಯಾ ಶಿಲುಬೆ ಗೀರಿಕೊಂಡಳು. "ಯೇಸಪ್ಪಾ! ನಿನ್ ಕೆಲ್ಸ ಹೋಯ್ತು ವೆಂಕಟಕ್ಕಾ."

"ಹೋಗ್ಲಿ ಬಿಡು. ಕೂಸು ಹೋಗ್ಲಿಲ್ವಲ್ಲ."

ಆ ರಸ್ತೆಯಲ್ಲಿ ಅಂಥ ಆತುರದ ಸೈರನ್ ಯಾರೂ ಕೇಳಿರಲಿಲ್ಲ. ಅಕ್ತರ್ ವಾರ್ಮರ್ ಇಳಿಸಿದ. ಮಿನಿಸ್ಟರಿಗಾಗಿ ಅತ್ತಿತ್ತ ನೋಡಿದ. ವೆಂಕಟಮ್ಮನ ಸೆರಗಿನೊಳಗೆ ನೋಡಿದ. "ಸ್ವಿಚ್ ಎಲ್ಲೈತೆ?" ಎಂದಷ್ಟೇ ಕೇಳಿದ. ಕೆಂಪು ದೀಪ ಹೊತ್ತಿತು.

"ಸ್ವಲ್ಪ ಬೆಚ್ಚಗಾಗ್ಲಿ, ಇಬ್ರನ್ನೂ ದೊಡ್ಡಾಸ್ಪತ್ರೆಗೆ ಕಳ್ಸೋಣ. ಗಾಡೀನೂ ಬಂತಲ್ಲ," ಎಂದರು ಡಾಕ್ಟರು. ಬದುಕುತ್ತದೆಯೇ ಎಂದು ತೇಜಶ್ರೀ ಕೇಳಿದಾಗ ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು.

ಮಾರಿಯಾಳ ಮೊಬೈಲಿನಲ್ಲಿ ಸಭೆ ಲೈವ್ ಬರುತ್ತಿತ್ತು. ಪೇಟದ ರಾಮಾಂಜಿನಪ್ಪ ಕಣ್ಣೊರೆಸಿಕೊಂಡು, "ಬಂಧುಗಳೇ, ಒಂದೊಂದು ಉಸಿರೂ ದೇವರ ಉಸಿರು! ನನ್ನ ಆಸ್ಪತ್ರೆ ಹೇಗೆ ಸಜ್ಜಾಗಿದೆ ಅಂತ ನೀವೇ ನೋಡಿ!" ಎಂದು ಹಗ್ಗ ಎಳೆದ.

ಪರದೆ ಸರಿಯಿತು. ಹಿಂದೆ ಬರೀ ಹಲಗೆ. ಅದರ ಮೇಲೊಂದು ವೈರು, ಕಾಲು ಮೇಲೆ ಮಾಡಿ ಬಿದ್ದ ಗೊಂಬೆ.

ಮೊದಲ ನಗೆ ಬಂದದ್ದು ಕುರ್ಚಿ ತುಂಬಿಸಲು ಕರೆತಂದಿದ್ದ ಕಸ ಗುಡಿಸುವ ಹೆಂಗಸರಿಂದ. ಅದು ಮುಂದಿನ ಸಾಲಿಗೆ ಹರಿಯಿತು, ವೇದಿಕೆ ಹತ್ತಿತು. ರಾಮಾಂಜಿನಪ್ಪ ಗೊಂಬೆ ನೋಡಿದ, ಕ್ಯಾಮೆರಾ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ, ಮೈಕು ಕಿರುಚುವಷ್ಟು ಜೋರಾಗಿ ನಗತೊಡಗಿದ. ನಗುತ್ತಲೇ ಜೇಬಿನಿಂದ ಫೋನು ತೆಗೆದ.

ಚೇಂಬರಿನಲ್ಲಿ ಲ್ಯಾಂಡ್‌ಲೈನು ಬಡಿದುಕೊಳ್ಳಲಾರಂಭಿಸಿತು. ಯಾರೂ ಕದಲಲಿಲ್ಲ.

"ಸೌಂಡ್ ಕಮ್ಮಿ ಮಾಡೇ ಮಾರಿಯಾ," ಎಂದಳು ವೆಂಕಟಮ್ಮ. "ಈಗ ಮಲ್ಗೈತೆ."

ಮಾರಿಯಾ ಸದ್ದು ಅಡಗಿಸಿದಳು. ಮೊಬೈಲಿನಲ್ಲಿ ಅಣ್ಣ ಬಾಯಿ ಅಗಲಿಸಿಕೊಂಡು ನಗುತ್ತಲೇ ಇದ್ದ.