ನೇರಳೆ ತಗಡು

ಹಸಿರು ನೀರಿನೊಳಗೆ ಸೀಸದ ಗುಂಡು ಇಳಿಯುತ್ತಿದೆ, ಅದರ ಹಿಂದೆ ಮೀನನ್ನು ಸೆಳೆಯುವ ತಾಮ್ರದ ತಗಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ಮಿಂಚಿ ಮಾಯವಾಯಿತು, ಇದು ಬೆಳಗಿನಿಂದ ಎಷ್ಟನೆಯದೋ, ಒಂದು ಮೀನು ಬೀಳಲಿ ದೇವರೇ, ಒಂದೇ ಒಂದು, ಎಂದುಕೊಂಡಳು ಲೊರೇನ್, ಮೀನು ಬಿದ್ದರೆ ಗಂಡನ ಮುಖದ ಗಂಟು ಸಡಿಲವಾಗುತ್ತದೆ, ಆಗಲೇ ಕೇಳಬೇಕು, ಮಗಳು ಟೆಸ್ ಮನೆಗೆ ಬರಲಾ ಅಂತ ಕೇಳುತ್ತಿದ್ದಾಳೆ ಅಂತ — ಮದುವೆಯಾದಾಗಿನಿಂದ ಹೀಗೇ, ಹೊಸ ಒಲೆ ಬೇಕೆಂದರೂ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕೆಂದರೂ ಮೊದಲು ಈ ಸರೋವರದ ಕೊಕನೀ ಮೀನಿನ ಅಪ್ಪಣೆಯಾಗಬೇಕು. ವೆಂಡೆಲ್ ಚುಕ್ಕಾಣಿ ಹಿಡಿದು ತುಟಿ ಬಿಗಿದು ಕೂತಿದ್ದಾನೆ, ದೋಣಿ ತೆವಳುತ್ತಿದೆ, ಗಾಳಕ್ಕೆ ಸಿಕ್ಕಿಸಿದ, ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೆಕ್ಕೆಜೋಳದ ಕಾಳಿನ ವಾಸನೆ ಅವಳ ಬೆರಳು ಬಿಟ್ಟು ಹೋಗುತ್ತಿಲ್ಲ. ಇದು ಹಸಿವಿಗೆ ಕಚ್ಚೋ ಮೀನಲ್ಲ ಕಣೇ, ಥಳುಕು ಕಂಡ್ರೆ ಮೈ ಉರಿದು ಕಚ್ಚುತ್ತೆ, ವರ್ಷವರ್ಷವೂ ಅವನದು ಅದೇ ಪಾಠ. ಮೈ ಉರಿದು ಕಚ್ಚುವ ಪ್ರಾಣಿ ಸರೋವರದಲ್ಲಿ ಮಾತ್ರ ಇದೆಯೇ, ಅಡುಗೆಮನೆಯಲ್ಲಿ ನಿಂತು ಯಾರನ್ನ ಹಿಡಿಯೋಕೆ ಈ ಥಳುಕು, ಹೇಳು, ಯಾರನ್ನ, ಅಂತ ಹತ್ತೊಂಬತ್ತರ ಮಗಳ ಮೇಲೆ ಹಾರಿಬಿದ್ದದ್ದು ಯಾವ ಮೀನು. ಟೆಸ್ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು, ಮಿಂಚಿನ ಪುಡಿ ಕಲಸಿದ ನೇರಳೆ, ಅಷ್ಟೇ. ಬಣ್ಣ ಒಣಗುವ ಮುಂಚೆ ಗೆಳತಿಯ ಕಾರು ಹತ್ತಿದಳು, ಕಿಟಕಿಯ ಗಾಜಿಗೆ ಒಳಗಿನಿಂದ ಅಂಗೈ ಒತ್ತಿ ಐದೂ ಬೆರಳು ಅಗಲಿಸಿದಳು, ಬರ್ತೀನಮ್ಮಾ ಅಂದದ್ದೋ, ಉಗುರು ಒಣಗಿಸಿಕೊಂಡದ್ದೋ, ಎರಡು ವರ್ಷವಾದರೂ ಲೊರೇನ್‌ಗೆ ಇತ್ಯರ್ಥವಾಗಿಲ್ಲ.

ಥೂ, ತಾಮ್ರನೂ ಬೇಡವಂತೆ ಇವಕ್ಕೆ, ಎನ್ನುತ್ತ ವೆಂಡೆಲ್ ತಗಡುಗಳ ಪೆಟ್ಟಿಗೆ ತೆರೆದ, ಬೆಳ್ಳಿ, ಗುಲಾಬಿ, ಗಿಳಿಹಸಿರು, ಬಳೆಗಾರನ ಪೆಟ್ಟಿಗೆಯೂ ಇಷ್ಟು ಮಿನುಗದು, ಬಿಸಿಲಿದ್ರೆ ಬೆಳ್ಳಿ, ಮೋಡ ಇದ್ರೆ ತಾಮ್ರ, ಎರಡೂ ಕೆಲಸಕ್ಕೆ ಬರದೇ ಇದ್ರೆ ಇದು, ಅಂತ ತಳದಿಂದ ಹಳೇ ಕಾಲುಚೀಲವೊಂದನ್ನು ಎಳೆದು ಅದರೊಳಗಿಂದ ಇನ್ನೊಂದು ತಗಡು ತೆಗೆದ — ನೇರಳೆ. ಮಿಂಚಿನ ಪುಡಿಯ ನೇರಳೆ. ಚಿಕ್ಕ ಕುಂಚದ ಗೆರೆಗಳು ಸಾಲುಸಾಲಾಗಿ. ಟೆಸ್ ಬಿಟ್ಟುಹೋದ ಶೀಷೆ, ಸ್ನಾನದಮನೆಯ ಕನ್ನಡಿಯ ಹಿಂದೆ ಲೊರೇನ್ ಬಚ್ಚಿಟ್ಟಿದ್ದ ಶೀಷೆ, ಯಾರೂ ಇಲ್ಲದಾಗ ಮುಚ್ಚಳ ತಿರುವಿ ಮೂಸುತ್ತಿದ್ದ ಶೀಷೆ, ವಸಂತದಲ್ಲಿ ಕಳೆದುಹೋಯಿತೆಂದು ಕಸದ ಡಬ್ಬಿಗೆ ಕೈಹಾಕಿ ಹುಡುಕಿದ್ದ ಶೀಷೆ. ಎಲ್ಲಿ ಸಿಕ್ತು ಇದು, ಅಂದಳು. ಸುಮ್ನೆ ಬಿದ್ದಿತ್ತಲ್ಲ, ಪೂರ್ತಿ ಬಳಿದೆ, ಎರಡು ಸಲ. ಪೂರ್ತಿ ಅಂತೆ. ಅವಳು ಗಾಳಕ್ಕೆ ಕಾಳು ಸಿಕ್ಕಿಸಿದಳು, ತಗಡು ಇಳಿಯಿತು, ಎಡಕ್ಕೆ, ಬಲಕ್ಕೆ, ಗಾಜಿನಾಚೆಯ ಕೈ ಇಳಿದ ಹಾಗೆ — ಕೋಲು ತಟ್ಟನೆ ಬಾಗಿತು, ಬಿತ್ತು, ಬಿತ್ತು, ಮೆತ್ತಗೆ ಲೊರೇನ್, ಇದರ ತುಟಿ ಕಾಗದ ಇದ್ದಹಾಗೆ, ಜಗ್ಗಿದ್ರೆ ಹರಿದುಹೋಗುತ್ತೆ, ಮೆತ್ತಗೆ. ಮೀನಿನ ತುಟಿ ಎಷ್ಟು ಮೆದು ಅಂತ ಬಲ್ಲ ಗಂಡಸು. ಬಲೆಯಲ್ಲಿ ಬೆಳ್ಳಿಯ ಮೈ ಪಟಪಟ ಬಡಿಯಿತು, ಪಕ್ಕದ ದೋಣಿಯಿಂದ ಆರ್ಚೀ ಕೂಗಿದ, ಏಯ್ ವೆಂಡೆಲ್, ಯಾವ ಬಣ್ಣ ಹಾಕಿದ್ದೀಯೋ ಕಳ್ಳ, ಇವನು ಹಲ್ಲು ಕಿರಿದು, ಅದೇ ಹಳೇ ತಾಮ್ರ ಕಣೋ — ಬಾಯಿಬಿಟ್ಟರೆ ಬಣ್ಣಗೇಡು, ಚರ್ಚಿನಲ್ಲಿ ಕಾಫಿ ಕುಡಿಯುತ್ತ ಮಗಳು ಬಾಯ್ಸಿಯ ಕಾಲೇಜಲ್ಲಿ ಓದ್ತಿದ್ದಾಳೆ ಅನ್ನುವುದೂ ಇದೇ ಬಾಯಿ. ಅವಳು ಸ್ಪೋಕೇನ್ ಪಟ್ಟಣದಲ್ಲಿ ಕಂಡವರ ಉಗುರು ತೀಡುತ್ತಿದ್ದಳು, ಈಗ ಆ ಕೆಲಸವೂ ಇಲ್ಲ.

ಮುಖದ ಗಂಟು ಸಡಿಲವಾಗಿದೆ, ಈಗಲೇ, ಈಗಲ್ಲದಿದ್ದರೆ ಇಲ್ಲ. ಟೆಸ್ ಫೋನ್ ಮಾಡಿದ್ಲು, ಕೆಲಸ ಹೋಯ್ತಂತೆ, ಬಾಡಿಗೆ ಕೋಣೆ ಬಿಡ್ಬೇಕಂತೆ, ಮನೆಗೆ ಬರ್ಲಾ ಅಂದ್ಲು, ನಿಮ್ಮಪ್ಪನ್ನೇ ಕೇಳು ಅಂದಿದ್ದೀನಿ, ಅಲ್ಲ, ನಾನೇ ಕೇಳ್ತೀನಿ ಅಂದಿದ್ದೀನಿ, ಸಂಜೆ ಹೇಳ್ಬೇಕು ವೆಂಡೆಲ್. ಅವನು ತಗಡನ್ನು ಅಂಗಿಯ ಅಂಚಿನಿಂದ ಒರೆಸುತ್ತಿದ್ದ, ಎಳೆಗೂಸಿನ ಬಾಯಿ ಒರೆಸುವಷ್ಟು ನಯವಾಗಿ, ಎಷ್ಟೋ ವರ್ಷದ ಮೇಲೆ ಆ ಕೈಯಲ್ಲಿ ಅಷ್ಟು ನಯ, ಒಪ್ಪುತ್ತಾನೆ, ಒಪ್ಪಿಯೇಬಿಡುತ್ತಾನೆ. ಇಲ್ನೋಡು, ಅಂಚಲ್ಲಿ ಬಣ್ಣ ಎದ್ದಿದೆ, ಇದು ಯಾವ ಅಂಗಡೀಲಿ ಸಿಗುತ್ತೆ ಕೇಳು ಅವಳನ್ನ. ಮತ್ತೆ ಬರೋದು? ಬರೋದೇನೂ ಬೇಡ, ಬಣ್ಣದ ಹೆಸರು ಕೇಳು ಸಾಕು. ತಗೋ, ಇಳಿಸು, ಹಿಂಡು ಕೆಳಗೇ ಇದೆ. ಅವನ ಕೈಯಿಂದ ಅವಳ ಕೈಗೆ, ತಣ್ಣಗಿದೆ, ಹಗುರ, ಸಂಜೆ ಫೋನು ಬಂದಾಗ ಏನನ್ನಲಿ, ಅಪ್ಪ ನಿನ್ನ ಬಣ್ಣ ಮೆಚ್ಚಿಕೊಂಡರು ಕಣೇ ಅನ್ನಲೇ, ಹೆಸರೇನು ಮಗಳೇ ಅನ್ನಲೇ, ಇಳಿಸು ಲೊರೇನ್, ಏನ್ ನೋಡ್ತಿದ್ದೀಯ, ಇಳಿಸು, ಇಳಿಸಬೇಕು, ಬೆರಳು ಬಿಚ್ಚಿದರೆ ಇಳಿಯುತ್ತದೆ, ಬಿಚ್ಚುತ್ತಿಲ್ಲ, ಕಾರು ಹೊರಡುತ್ತಿದೆ, ಗಾಜಿನ ಮೇಲೆ ಅಂಗೈ, ಅಗಲಿಸಿದ ಐದು ಬೆರಳು, ಉಗುರಿನ ಬಣ್ಣ ಇನ್ನೂ ಹಸಿ, ಇನ್ನೂ ಹಸಿ