ಜಂಬಣ್ಣ ಮೇಷ್ಟ್ರ ಭಿನ್ನರಾಶಿ

ಪಠ್ಯಪುಸ್ತಕದ ಲೆಕ್ಕಗಳಲ್ಲಿ ಹಣ್ಣು ಹಂಚುತ್ತಿದ್ದರು. ಜಂಬಣ್ಣ ಮೇಷ್ಟ್ರ ಲೆಕ್ಕಗಳಲ್ಲಿ ಜನ ಸಾಯುತ್ತಿದ್ದರು. “ಊರಿನ ಮೂರನೆಯ ಒಂದು ಪಾಲು ಪ್ಲೇಗಿಗೆ ಹೋಯಿತು, ಉಳಿದವರಲ್ಲಿ ಅರ್ಧ ಮಂದಿ ಊರು ಬಿಟ್ಟರು, ಮಿಕ್ಕವರು ನಲವತ್ತು. ಮೊದಲೆಷ್ಟಿದ್ದರು?” ಎಂದು ಕೇಳುವಾಗ, ಕರಿಕೋಟಿನ ಗುಂಡಿ ಕತ್ತಿನವರೆಗೂ ಹಾಕಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಗೋಡೆಗೆ ಒತ್ತಿಕೊಂಡು ನಡೆಯುವರು. ಪಟೇಲ ಉಗ್ರಪ್ಪನವರು ಎದುರಾದರೆ ಪಕ್ಕದ ಸಂದಿಗೆ ಹೊರಳುವರು.

ಸಾವಿರದ ಒಂಬೈನೂರ ಮೂರರಲ್ಲಿ ನಾನು ಹೊಸದುರ್ಗದ ಕಡೆ, ಕೆರೆಯ ಕೆಳಗಿನ ಆ ಊರಿನ ಶಾಲೆಯಲ್ಲಿ ಅವರ ಸಹಾಯಕನಾಗಿದ್ದೆ. ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಕೊಚ್ಚಿಬಂದ ಮರಗಳು ಕೋಡಿಗೆ ಅಡ್ಡಬಿದ್ದು ಹೆಚ್ಚಿನ ನೀರು ಹೊರಹೋಗಲು ದಾರಿಯಿಲ್ಲದಾಯಿತು. ಐದನೆಯ ದಿನ ಬೆಳಗ್ಗೆ ಆರಕ್ಕೆ ಮೇಷ್ಟ್ರು ಕೆರೆ ಏರಿಯ ಮೇಲಿದ್ದರು. ಏರಿಯಷ್ಟೇ ಎತ್ತರದ, ನೀರು ಬಿಡುವ ತೂಬಿನ ಕಲ್ಲುಕಂಬ ಅರ್ಧ ಮುಳುಗಿತ್ತು. ಎಂಟಕ್ಕೆ ಮೂರರಲ್ಲಿ ಎರಡು ಪಾಲು. ಎರಡು ಗಂಟೆಗೆ ಆರನೆಯ ಒಂದು ಪಾಲು ಏರಿದರೆ, ಉಳಿದ ಮೂರನೆಯ ಒಂದು ಪಾಲಿಗೆ ನಾಲ್ಕೇ ಗಂಟೆ.

ಅವರು ನೇರವಾಗಿ ಪಟೇಲರ ಜಗಲಿಗೆ ಹೋದರು. “ಹನ್ನೆರಡಕ್ಕೆ ನೀರು ಏರಿಯ ಮೇಲೆ ಹರಿಯುತ್ತದೆ, ಏರಿ ನಿಲ್ಲೋದಿಲ್ಲ, ಊರು ಖಾಲಿ ಮಾಡಿಸಿ,” ಎಂದು ಮೆಟ್ಟಿಲ ಕೆಳಗೆ ನಿಂತೇ ಹೇಳಿದರು.

“ನಮ್ಮಜ್ಜನ ಕಾಲ್ದಿಂದ ಈ ಏರಿ ಒಡೆದಿಲ್ಲ. ಹೋಗ್ರಿ, ಪಾಠ ಮಾಡ್ರಿ,” ಎಂದು ಪಟೇಲರು ನಕ್ಕರು.

ಅಲ್ಲೇ ಬೀದಿಯಲ್ಲಿ ನಿಂತಿದ್ದ ಕುರಿ ಕಾಯುವ ಜುಂಜಮ್ಮ ಮಾತ್ರ ನಗಲಿಲ್ಲ. “ಇನ್ನೆಷ್ಟು ಹೊತ್ತೈತೆ ಮೇಷ್ಟ್ರೇ?”

“ಮಧ್ಯಾಹ್ನದವರೆಗೆ, ತಾಯಿ.”

ಅವಳು ಕುರಿ ಹೊಡೆದುಕೊಂಡು ಗುಡ್ಡ ಹತ್ತಿದಳು. ಮೇಷ್ಟ್ರು ಮನೆಮನೆಯ ಬಾಗಿಲು ಬಡಿದರು. ಕೆಳಕೇರಿ ಗೊಣಗುತ್ತ ಗುಡ್ಡಕ್ಕೆ ಹೊರಟಿತು, ಕೊನೆಗೆ ಪಟೇಲರ ಮನೆಯವರೂ.

ಹನ್ನೆರಡಾಯಿತು. ಏರಿ ನಿಂತೇ ಇತ್ತು. ಒಂದು ಗಂಟೆಗೆ ನಗೆ ಶುರುವಾಯಿತು, ಕೆಲವರು ಕೆಳಗಿಳಿಯಲು ಗಂಟು ಎತ್ತಿದರು. ಕೆರೆ ಮೇಲೆ ಹೋದಂತೆ ಅಗಲವಾಗುತ್ತದೆ, ನೀರು ಮೊದಲಿನ ವೇಗದಲ್ಲಿ ಏರದು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

“ಲೆಕ್ಕ ತಪ್ಪಿದ್ದು ನಾನು. ನೀರು ತಪ್ಪೋದಿಲ್ಲ. ಇಳೀಬೇಡಿ,” ಎಂದು ದಾರಿಗಡ್ಡ ಕೈಚಾಚಿ ನಿಂತರು.

“ಕರೂನ ಕಟ್ಟಿಹಾಕಿ ಬಂದೀನಿ, ಬಿಚ್ಚಿ ಬರ್ತೀನಿ ಬಿಡ್ರಿ,” ಎಂದು ಕೆಳಕೇರಿಯ ಕಾಟಯ್ಯ ಮೇಷ್ಟ್ರ ಕೈ ಸರಿಸಿ ಇಳಿದ.

ಎರಡೂವರೆಗೆ ಏರಿ ಒಡೆಯಿತು. ಆ ಸದ್ದು ಮೊದಲು ನಮ್ಮ ಕಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಕೆಳಕೇರಿ ಇದ್ದ ಕಡೆ ಕೆಂಪು ನೀರು ಮಾತ್ರ ಉಳಿಯಿತು. ಕಾಟಯ್ಯ ಸಿಗಲಿಲ್ಲ.

ಊರವರು ಶಾಲು ಹೊದಿಸಲು ಬಂದಾಗ ಮೇಷ್ಟ್ರು ಒಳಗಿನ ಕೋಣೆ ಸೇರಿಕೊಂಡರು. “ಹನ್ನೆರಡು ಅಂದಿರದಿದ್ದರೆ ಅವನು ನನ್ನ ನಂಬುತ್ತಿದ್ದ,” ಎಂದು ನನ್ನೊಬ್ಬನಿಗೇ ಹೇಳಿದರು. ಅವರ ಅಂಜಿಕೆ ಕೊನೆಯವರೆಗೂ ಕಡಿಮೆಯಾಗಲಿಲ್ಲ.

ಅಂಜುವವರಲ್ಲಿ ಹೆಚ್ಚಿನವರು ತಮ್ಮನ್ನು ಉಳಿಸಿಕೊಂಡು ಸುಮ್ಮನಾಗುತ್ತಾರೆ. ಅಪರೂಪಕ್ಕೆ ಕೆಲವರು, ತಾವು ಕಂಡ ಭಯವನ್ನು ಒಬ್ಬರೇ ಹೊರಲಾರದೆ, ನಗೆಪಾಟಲಾಗುತ್ತೇವೆಂದು ತಿಳಿದೂ ಮತ್ತೊಬ್ಬರ ಬಾಗಿಲಿಗೆ ಹೋಗುತ್ತಾರೆ. ಧೀರರೆಂದು ಅವರನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವರು ಒಪ್ಪುವುದಿಲ್ಲ.