ಕುಸುಬಿ ಎಣ್ಣೆಯ ಹಾಳೆ

ನಾನು ರೇಣುಕಾ, ಹಲಸಂಗಿಯ ಕುರಿಗಾರ ಅಮಸಿದ್ದನ ಮಗಳು. ಕುಸುಬಿ ಎಣ್ಣೆಗೆ ಮರದ ರಾಳ ಬೆರೆಸಿ, ಕಾಯಿಸಿ, ಪ್ಲಾಸ್ಟಿಕ್‌ನಂಥ ತೆಳು ಹಾಳೆ ಮಾಡುವುದು ನನ್ನ ಸಂಶೋಧನೆ. ಹೊಲದಲ್ಲಿ ಹಾಸಿದರೆ ಅದು ತೇವ ಹಿಡಿದಿಡಬೇಕು, ಕೆಲಸ ಮುಗಿದ ಮೇಲೆ ಮಣ್ಣಿನಲ್ಲೇ ಕರಗಿ ಹೋಗಬೇಕು. ನಾಲ್ಕು ವರ್ಷ ನಾನು ಮಾಡಿದ್ದು ಇಷ್ಟೇ. ಅಪ್ಪ ಮಾತ್ರ ಇದನ್ನು ಭಾರಿ ಮಾಡಿ ಹೇಳುತ್ತಿದ್ದ. ಕಂಡಕಂಡವರಿಗೆಲ್ಲ, "ನನ್ನ ಮಗಳು ಎಣ್ಣಿಗೆ ಹೆಪ್ಪ ಹಾಕ್ತಾಳ," ಎನ್ನುತ್ತಿದ್ದನಂತೆ.

ಕೊನೆಯ ಪರೀಕ್ಷೆ ನಿಜವಾದ ಹೊಲದಲ್ಲಿ ಆಗಬೇಕಿತ್ತು. ಝಳಕಿಯ ಹತ್ತಿರ ಕಲ್ಮೇಶ ಎಂಬ ರೈತರ ಖಾಲಿ ಹೊಲ ಸಿಕ್ಕಿತು. ಮಳೆಗಾಲಕ್ಕೆ ಅಲ್ಲಿ ಲಿಂಬೆ ಸಸಿ ಹಚ್ಚುವವರಿದ್ದರು. ಒಂದು ಮೂಲೆಯಲ್ಲಿ ಅರವತ್ತು ಪಟ್ಟಿ ಹಾಸಿ, ಅಂಚಿಗೆ ಮಣ್ಣು ಎಳೆದು ಬಂದೆ. ಕಲ್ಮೇಶರಿಗೆ ಗೊಬ್ಬರವೂ ಬೇಕಿತ್ತು. ಅಪ್ಪನ ಹಿಂಡನ್ನು ಐದು ರಾತ್ರಿ ತಮ್ಮ ಹೊಲದಲ್ಲಿ ತರುಬಿ ಮಲಗಿಸಲು ಕರೆದರು. ಕುರಿ ಮಲಗಿದಲ್ಲಿ ಹಿಕ್ಕೆ ಬೀಳುತ್ತದೆ, ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ.

ಹಿಂಡು ಹೊಡೆದುಕೊಂಡು ಹೋದ ದಿನ ಅಪ್ಪ ಫೋನ್ ಮಾಡಿದ.

"ಯವ್ವಾ, ನೀ ಹಾಳಿ ಹಾಸಿದ್ದ ಹೊಲಾನ ಇದು. ಕುರಿ ಬಾಯಿ ಹಾಕಿದ್ರ ಏನರ ಆಗ್ತೈತೇನು?"

ನಾನು ನಕ್ಕೆ. "ಏನೂ ಆಗೂದಿಲ್ಲ ಯಪ್ಪಾ. ನಮ್ಮ ಕುಸುಬಿ ಎಣ್ಣೀನ ಅದು."

ಕುರಿಯ ಹೊಟ್ಟೆಯಲ್ಲಿ ಆ ಹಾಳೆ ಏನಾಗುತ್ತದೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಮಣ್ಣಿನಲ್ಲಿ ನೋಡಿದ್ದೆ, ನೀರಿನಲ್ಲಿ ನೋಡಿದ್ದೆ. ಬೇರೆ ಯಾರಾದರೂ ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಅಪ್ಪನ ಮುಂದೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟು ಸೊಕ್ಕು ನನಗೆ.

ಕುಸುಬಿ ಹಿಂಡಿ ತಿಂದು ಬೆಳೆದ ಕುರಿಗಳವು. ವಾಸನೆ ಹಿಡಿದು ಹೋಗಿ, ಐದು ರಾತ್ರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ ಮುಗಿಸಿದವು. ಅಪ್ಪ ಕಣ್ಣಾರೆ ನೋಡಿದ. ಮಗಳು ಹೇಳಿದ್ದಾಳಲ್ಲ ಎಂದು ಓಡಿಸಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಕೆಲವು ಮೆಲುಕು ಹಾಕುವುದನ್ನು ಬಿಟ್ಟವು, ಹೊಟ್ಟೆ ಉಬ್ಬಿತು. ನಾನು ಬಂದು ಮುಟ್ಟುವ ಹೊತ್ತಿಗೆ ಏಳು ಸತ್ತಿದ್ದವು. ಅವುಗಳಲ್ಲಿ ಎರಡು ಗಬ್ಬದವು.

ದನದ ಡಾಕ್ಟರ್ ಸಿದ್ದೀಕಾ ಒಂದನ್ನು ಕೊಯ್ದು ನೋಡಿದರು. ಒಳಗಿನಿಂದ ಹಾಳೆಯ ದೊಡ್ಡ ಉಂಡೆ ಬಂತು. ತೊಳೆದು ಎರಡೂ ಕೈಯಿಂದ ಎಳೆದರು, ಹರಿಯಲಿಲ್ಲ. ಹೊಲದಲ್ಲಿದ್ದ ಪಟ್ಟಿಗಳು ಅಂಚಿನಲ್ಲಿ ಆಗಲೇ ಪುಡಿಯಾಗತೊಡಗಿದ್ದವು. ನಾನು ಬಯಸಿದ್ದೆಲ್ಲ ಮಣ್ಣಿನಲ್ಲಿ ನಡೆದಿತ್ತು.

"ಇದು ಎಲ್ಲೀ ಪ್ಲಾಸ್ಟಿಕ್ರಿ?" ಎಂದು ಸಿದ್ದೀಕಾ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. "ಹೈವೇದಾಗಿಂದ್ರಿ ಮೇಡಂ. ಹೋಗೂ ಬರೂ ಮಂದಿ ಒಗೀತಾರಲ್ರಿ, ಅದನ್ನ ತಿಂದಾವು."

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ನೆಲ ನೋಡುತ್ತ ಹೇಳಿದ.

"ಅಲ್ರಿ," ಎಂದೆ. "ಅದು ನಾ ಮಾಡಿದ ಹಾಳಿ. ಏನೂ ಆಗೂದಿಲ್ಲ ಅಂತ ನಾನ ಹೇಳಿದ್ದೆ. ಹಂಗ ಬರೀರಿ."

ಸಿದ್ದೀಕಾ ಹಾಗೆಯೇ ಬರೆದುಕೊಂಡರು. ಅವರು ಹೋದ ಮೇಲೆ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಕುರಿ ಅಂತೂ ಹ್ವಾದುವು. ನಿನ್ನ ಓದರ ಉಳೀತಿತ್ತಲ್ಲ ಯವ್ವಾ," ಎಂದ.

ನನ್ನ ವರದಿಯಲ್ಲೂ ಏಳು ಕುರಿಗಳ ಸಂಗತಿ ಬರೆದೆ. ಹೊಲದ ಪರೀಕ್ಷೆ ನಿಂತುಹೋಯಿತು. ಮೊದಲಿನಿಂದ ಶುರು ಮಾಡು ಎಂದರು ನನ್ನ ಗೈಡ್ ಸರ್. ಮಾಡುತ್ತೇನೆ, ಅದೇನೂ ದೊಡ್ಡದಲ್ಲ. ಅಪ್ಪ ಇವತ್ತಿಗೂ ಒಂದು ಮಾತು ಬೈದಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಳೆದ ವಾರ ಇಂಡಿ ಪಟ್ಟಣದ ದವಾಖಾನೆಯಲ್ಲಿ ಅವನಿಗೆ ಬಿಪಿ ಗುಳಿಗೆ ಬರೆದುಕೊಟ್ಟರು. ಅಪ್ಪನಿಗೆ ಓದಲು ಬಾರದು. "ಮುಂಜಾನೆ ಒಂದ, ನಾಷ್ಟಾ ಆದಮ್ಯಾಲೆ," ಎಂದು ಎರಡು ಸಲ ಹೇಳಿಕೊಟ್ಟೆ. "ಹೂಂ ಯವ್ವಾ," ಎಂದ. ನಾನು ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಹೋದೆ. ತಿರುಗಿ ಬಂದಾಗ ಅಪ್ಪ ಔಷಧದ ಅಂಗಡಿಯ ಮುಂದೆ ನಿಂತು, ಅಂಗಡಿಯವನಿಗೆ ಅದೇ ಗುಳಿಗೆ ತೋರಿಸುತ್ತಿದ್ದ.

"ಇದನ್ನ ಯಾವಾಗ ತಗೋಬೇಕ್ರಿ?" ಎಂದು ಕೇಳುತ್ತಿದ್ದ.

ನನ್ನನ್ನು ಕಂಡವನೇ ಗುಳಿಗೆಯನ್ನು ಕಿಸೆಗೆ ಹಾಕಿಕೊಂಡ.